ಹೊಸ ಡೀಸೆಲ್ ಎಂಜಿನ್ನಿಗೆ ಹಳೆಯ ಟೇಪು ಸುತ್ತಬೇಡಿ

ಈಗಿನ ಲಾರಿಯ ಡೀಸೆಲ್ ಎಂಜಿನ್ ಮೇಲೆ ಹಾದುಹೋಗುವ ಕಪ್ಪು ಸುಕ್ಕುಕೊಳವೆಯನ್ನು ಬಿಡಿಸಿ ನೋಡಿದರೆ, ಎಷ್ಟೋ ಎಂಜಿನ್‌ಗಳಲ್ಲಿ ಎರಡು ಬಗೆಯ ತಂತಿಗಳು ಅಕ್ಕಪಕ್ಕದಲ್ಲೇ ಸಾಗುತ್ತಿರುತ್ತವೆ. ಒಂದು ಬಗೆ ಇಂಜೆಕ್ಟರ್‌ಗಳಿಗೆ ಹೋಗುವಂಥದ್ದು. ಇಂಜೆಕ್ಟರ್ ಒಳಗಿನ ಸೊಲೆನಾಯ್ಡ್ ಕವಾಟ ಚಕ್ಕನೆ ತೆರೆಯಲಿ ಎಂದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ವೋಲ್ಟೇಜನ್ನು 50ರಿಂದ 80 ವೋಲ್ಟಿನ ನಡುವಿನ ಮಟ್ಟಕ್ಕೆ ಏರಿಸಿ ಆ ತಂತಿಗೆ ಕೊಡುತ್ತದೆ. 20 ಆಂಪಿಯರ್ ಆಸುಪಾಸಿನ ಕರೆಂಟು ಸುಮಾರು 100 ಮೈಕ್ರೋಸೆಕೆಂಡಿನಲ್ಲಿ ಏರುತ್ತದೆ, ಕೆಲಸ ಮುಗಿದ ಕೂಡಲೇ ಅದಕ್ಕಿಂತ ರಭಸವಾಗಿ ಇಳಿಯುತ್ತದೆ. ಪಿಯೆಜೊ ಇಂಜೆಕ್ಟರ್ ಆದರೆ ವೋಲ್ಟೇಜು 100ನ್ನೂ ದಾಟುತ್ತದೆ. ಇನ್ನೊಂದು ಬಗೆ ಸೆನ್ಸರ್ ತಂತಿಗಳು. ಅವು ತರುವ ಸುದ್ದಿಯನ್ನು ಮಿಲಿವೋಲ್ಟ್‌ಗಳಲ್ಲಿ ಅಳೆಯಬೇಕು. ಜಾತ್ರೆಯಲ್ಲಿ ತಮಟೆಯ ಪಕ್ಕ ನಿಂತವರ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದ ಪಾಡು ಇಸಿಯುವಿನದು.

ಆ ಪಿಸುಮಾತು ಕೇಳುವಂತೆ ಮಾಡಲು ಕಾರ್ಖಾನೆಯಲ್ಲೇ ಏರ್ಪಾಟು ಮಾಡಿರುತ್ತಾರೆ. ಜೋಡಿ ತಂತಿಗಳನ್ನು ಹೊಸೆದಿರುತ್ತಾರೆ, ಕೆಲವಕ್ಕೆ ಅಲ್ಯೂಮಿನಿಯಂ ಹಾಳೆಯ ಕವಚ ತೊಡಿಸಿರುತ್ತಾರೆ, ಯಾವ ತಂತಿಯ ಅರ್ಥ್ ಎಲ್ಲಿ ಸೇರಬೇಕು ಎಂಬುದನ್ನು ನಿಗದಿ ಮಾಡಿರುತ್ತಾರೆ. ಶೋರೂಮಿನಿಂದ ಹೊರಬಂದ ಗಾಡಿಯಲ್ಲಿ ಇವೆಲ್ಲ ಸರಿಯಾಗಿಯೇ ಇರುತ್ತವೆ. ನನ್ನ ಆತಂಕ ಹೊಸ ಗಾಡಿಯ ಬಗ್ಗೆ ಅಲ್ಲ. ನಾಲ್ಕಾರು ಮಳೆಗಾಲ ಕಂಡು, ಇಲಿ ಕಡಿಸಿಕೊಂಡು, ಎರಡು ಸಲ ಕತ್ತರಿಸಿ ಟೇಪು ಸುತ್ತಿಸಿಕೊಂಡು, ಮೇಲೊಂದು ಎಲ್‌ಇಡಿ ಲೈಟು, ಇನ್ವರ್ಟರು ಸೇರಿಸಿಕೊಂಡು ಓಡುತ್ತಿರುವ ಗಾಡಿಯ ಬಗ್ಗೆ. ಇಂಥ ಗಾಡಿಗಳು ದೊಡ್ಡ ಸಂಖ್ಯೆಯಲ್ಲಿ ನಮ್ಮ ರಸ್ತೆಗಿಳಿಯುವ ಕಾಲ ಈಗ ಶುರುವಾಗುತ್ತಿದೆ.

ಯಾಕೆ ಈಗ? ಹೀಗೆ ಕರೆಂಟಿನಿಂದ ಇಂಜೆಕ್ಟರ್ ತೆರೆಯುವ ಕಾಮನ್ ರೈಲ್ ತಂತ್ರ ಹೊಸದೇನಲ್ಲ. ಜಪಾನಿನಲ್ಲಿ 1995ರಲ್ಲೇ ಹಿನೊ ಲಾರಿಗೆ ಡೆನ್ಸೊ ಕಂಪನಿಯ ಕಾಮನ್ ರೈಲ್ ಬಂದಿತ್ತು, 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156 ಕಾರಿಗೂ ಬಂತು. ನಮ್ಮಲ್ಲಿ ಮಾತ್ರ ಬಹುಕಾಲ ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳೆಲ್ಲ ಯಾಂತ್ರಿಕ ಪಂಪಿನಲ್ಲೇ ಓಡಿದವು. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಂಪನಿಯ ಪಂಪು ಗೊತ್ತಿಲ್ಲದ ಡೀಸೆಲ್ ಮೆಕ್ಯಾನಿಕ್ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಆ ಪಂಪಿಗೆ ಕರೆಂಟಿನ ಹಂಗಿರಲಿಲ್ಲ. ಒಮ್ಮೆ ಸ್ಟಾರ್ಟ್ ಆದ ಎಂಜಿನ್ ಬ್ಯಾಟರಿ ಕಿತ್ತಿಟ್ಟರೂ ಓಡುತ್ತಿತ್ತು. ನಮ್ಮ ಗ್ಯಾರೇಜುಗಳ ಜಾಣತನ, ಕೈಚಳಕ, ಅಭ್ಯಾಸಗಳೆಲ್ಲ ಬೆಳೆದದ್ದು ಆ ಎಂಜಿನ್ನಿನ ಸುತ್ತ. 2017ರ ಏಪ್ರಿಲ್ 1ರಂದು ದೇಶಾದ್ಯಂತ ಹೊಗೆ ಮಾಲಿನ್ಯದ ಬಿಎಸ್-4 ಮಾನದಂಡ, 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಗೆ ಬಂದವು. 2023ರ ಜನವರಿಯಿಂದ 50 ಎಚ್‌ಪಿ ದಾಟಿದ ಟ್ರ್ಯಾಕ್ಟರ್‌ಗಳಿಗೂ, ಅದೇ ಜುಲೈನಿಂದ ಹೊಸ ಜನರೇಟರ್‌ಗಳಿಗೂ ಬಿಗಿ ಮಾಲಿನ್ಯ ನಿಯಮಗಳು ಅನ್ವಯವಾದವು. ಅವನ್ನು ಪಾಲಿಸಲು ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಘಟ್ಟದ ಲಾರಿಯಿಂದ ಹಿಡಿದು ಗದ್ದೆಯ ಟ್ರ್ಯಾಕ್ಟರ್, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಜನರೇಟರ್‌ವರೆಗೆ ಬಂದು ಕೂತಿತು. ಮೊದಲ ತಂಡದ ಗಾಡಿಗಳು ವಾರಂಟಿ ಮುಗಿಸಿ ಒಂದೊಂದಾಗಿ ಹೆದ್ದಾರಿ ಬದಿಯ ಗ್ಯಾರೇಜಿಗೆ ಬರುತ್ತಿವೆ. ಎಂಜಿನ್ ಬದಲಾಗಿದೆ, ರಿಪೇರಿಯ ರೀತಿ ಬದಲಾಗಿಲ್ಲ.

ಇಂಜೆಕ್ಟರ್ ತಂತಿ ಎಬ್ಬಿಸುವ ವಿದ್ಯುತ್ ಗದ್ದಲ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ದಪ್ಪ ಕೊಳವೆಯೇ ರೈಲು. ಅದರ ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಸಾಮಾನ್ಯವಾಗಿ ಅದು 5 ವೋಲ್ಟ್ ಪೂರೈಕೆಯಲ್ಲಿ ಕೆಲಸ ಮಾಡುತ್ತದೆ. ಒತ್ತಡ ಇಲ್ಲದಾಗ 0.5 ವೋಲ್ಟ್, ಪೂರ್ಣ ಒತ್ತಡದಲ್ಲಿ 4.5 ವೋಲ್ಟ್ ತೋರಿಸುತ್ತದೆ. ಪೂರ್ಣ ಒತ್ತಡ 2000 ಬಾರ್ ಎಂದಿಟ್ಟುಕೊಂಡರೆ ಒಂದು ಬಾರ್‌ಗೆ ಸಿಗುವುದು 2 ಮಿಲಿವೋಲ್ಟ್ ಮಾತ್ರ. ಈಗ ಪಕ್ಕದ ಇಂಜೆಕ್ಟರ್ ತಂತಿಯನ್ನು ನೋಡಿ. 100 ಮೈಕ್ರೋಸೆಕೆಂಡಿನಲ್ಲಿ 20 ಆಂಪಿಯರ್ ಎಂದರೆ ಸೆಕೆಂಡಿಗೆ 2 ಲಕ್ಷ ಆಂಪಿಯರ್ ವೇಗದ ಏರಿಕೆ. ಬದಲಾಗುವ ಕರೆಂಟು ಪಕ್ಕದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ ಎಂಬುದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ. ಹೊಸೆಯದ ಎರಡು ತಂತಿಗಳು ಮೀಟರಿನಷ್ಟು ದೂರ ಅಂಟಿಕೊಂಡು ಸಾಗಿದರೆ ಅವುಗಳ ನಡುವಿನ ಪರಸ್ಪರ ಪ್ರೇರಕತೆ ಅರ್ಧ ಮೈಕ್ರೋಹೆನ್ರಿಯಷ್ಟಿರಬಹುದು. ಗುಣಿಸಿದರೆ 0.1 ವೋಲ್ಟ್, ಅಂದರೆ 100 ಮಿಲಿವೋಲ್ಟ್. ಸೆನ್ಸರ್ ಲೆಕ್ಕದಲ್ಲಿ ಅದು 50 ಬಾರ್. ರೈಲಿನಲ್ಲಿ ಇಲ್ಲದ 50 ಬಾರ್ ಇಸಿಯುವಿಗೆ ಕಾಣುತ್ತದೆ, ಇಲ್ಲವೇ ಇರುವ 50 ಬಾರ್ ಕಾಣೆಯಾಗುತ್ತದೆ.

ಇಸಿಯು ಒಳಗೆ ಫಿಲ್ಟರ್ ಇದೆ, ಇಂಥ ಚಿಕ್ಕ ಮುಳ್ಳುಗಳನ್ನು ಅದು ಬಹುಮಟ್ಟಿಗೆ ಮೊಂಡಾಗಿಸುತ್ತದೆ. ಆದರೆ ಫಿಲ್ಟರಿಗೂ ಮಿತಿ ಇದೆ. ಒತ್ತಡದ ನಿಜವಾದ ಏರಿಳಿತವೂ ವೇಗವಾಗಿಯೇ ಆಗುವುದರಿಂದ ತೀರಾ ಬಿಗಿಯಾಗಿ ಸೋಸಲು ಬರುವುದಿಲ್ಲ. ಈ ಗದ್ದಲ ಮಳೆಹನಿಯಂತೆ ಎಲ್ಲೆಂದರಲ್ಲಿ ಬೀಳುವುದೂ ಇಲ್ಲ, ಪ್ರತಿ ಇಂಜೆಕ್ಷನ್ನಿನ ಜೊತೆಗೇ ಬರುತ್ತದೆ. ಇಸಿಯು ಅಳತೆ ತೆಗೆದುಕೊಳ್ಳುವುದೂ ಎಂಜಿನ್ ತಿರುಗುವಿಕೆಯ ಲಯಕ್ಕೇ. ಎರಡೂ ಒಂದೇ ಗಳಿಗೆಗೆ ಬಿದ್ದರೆ ಸರಾಸರಿ ತೆಗೆದಷ್ಟೂ ತಪ್ಪು ಗಟ್ಟಿಯಾಗುತ್ತದೆಯೇ ಹೊರತು ಅಳಿಯುವುದಿಲ್ಲ.

ತಂತಿಯನ್ನು ಹೊಸೆಯುವುದು ಅಂದಕ್ಕಲ್ಲ. ಜೋಡಿಯ ಎರಡು ತಂತಿಗಳು ಎರಡು ಮೂರು ಸೆಂಟಿಮೀಟರಿಗೊಮ್ಮೆ ಜಾಗ ಅದಲು ಬದಲು ಮಾಡಿಕೊಂಡಾಗ, ಒಂದು ಸುತ್ತಿನಲ್ಲಿ ಹುಟ್ಟಿದ ವೋಲ್ಟೇಜನ್ನು ಮುಂದಿನ ಸುತ್ತು ಎದುರು ದಿಕ್ಕಿನಲ್ಲಿ ಹುಟ್ಟಿಸಿ ಕಳೆದುಹಾಕುತ್ತದೆ. ಇದರಿಂದ ಗದ್ದಲ ಹತ್ತಾರು ಪಟ್ಟು ತಗ್ಗುತ್ತದೆ. ಇಂಜೆಕ್ಟರಿನ ಜೋಡಿಯನ್ನು ಹೊಸೆದರೆ ಗದ್ದಲ ಹೊರಬೀಳುವುದು ಕಡಿಮೆ, ಸೆನ್ಸರಿನ ಜೋಡಿಯನ್ನು ಹೊಸೆದರೆ ಒಳನುಗ್ಗುವುದು ಕಡಿಮೆ. ಒಡೆದ ಹಾರ್ನೆಸ್ಸನ್ನು, ಅಂದರೆ ತಂತಿಗಳ ಕಟ್ಟನ್ನು, ರಿಪೇರಿ ಮಾಡುವಾಗ ಹೊಸೆತ ಬಿಚ್ಚಿ, ಸಿಕ್ಕಿದ ಬಿಡಿ ತಂತಿಯನ್ನು ಮೂರು ಅಡಿ ಎಳೆದು ಟೇಪು ಸುತ್ತಿದರೆ ಈ ಎರಡೂ ರಕ್ಷಣೆ ಒಂದೇ ಏಟಿಗೆ ಹೋಯಿತು. ಮಲ್ಟಿಮೀಟರ್ ಹಿಡಿದರೆ ಬೀಪ್ ಎನ್ನುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಗಾಡಿ ಹೋಗುತ್ತದೆ.

ಇನ್ನೂ ಸಾಮಾನ್ಯವಾದ ತಪ್ಪು ಅರ್ಥಿನದು. ಸೆನ್ಸರಿನ ಅರ್ಥ್ ತಂತಿ ತುಂಡಾದಾಗ ಅದನ್ನು ಇಸಿಯುವಿನ ಪಿನ್ನಿನವರೆಗೆ ಒಯ್ಯುವ ಬದಲು ಹತ್ತಿರದ ಬೋಲ್ಟಿಗೆ ಕಟ್ಟಿ 'ಬಾಡಿ ಅರ್ಥ್ ಕೊಟ್ಟಿದೀನಿ' ಎನ್ನುವುದನ್ನು ಗ್ಯಾರೇಜಿನಲ್ಲಿ ಕೇಳಿರುತ್ತೀರಿ. ಹಳೆ ಗಾಡಿಯ ಹಾರ್ನು, ಲೈಟಿಗೆ ಅದು ಸರಿ. ಇಲ್ಲಿ ಅದು ದುಬಾರಿ ತಪ್ಪು. ಇಸಿಯುವಿನ ಅರ್ಥ್ ಪಟ್ಟಿ ತುಕ್ಕು ಹಿಡಿದು 0.02 ಓಮ್‌ನಷ್ಟು ತಡೆ ಬಂದಿದೆ ಎನ್ನಿ. ಅದರಲ್ಲಿ 10 ಆಂಪಿಯರ್ ಹರಿದರೆ ಇಸಿಯುವಿಗೂ ಬಾಡಿಗೂ ನಡುವೆ 0.2 ವೋಲ್ಟ್ ವ್ಯತ್ಯಾಸ. ಸೆನ್ಸರ್ ಅರ್ಥ್ ಇಸಿಯುವಿಗೇ ಹೋಗಿದ್ದರೆ ಈ ವ್ಯತ್ಯಾಸ ಅಳತೆಯನ್ನು ಕೆಡಿಸುವುದಿಲ್ಲ. ಬಾಡಿಗೆ ಕಟ್ಟಿದ ಮರುಕ್ಷಣ ಅದೇ 0.2 ವೋಲ್ಟು 100 ಬಾರ್ ತಪ್ಪಾಗಿ ಇಸಿಯುವಿನ ಲೆಕ್ಕಕ್ಕೆ ಸೇರುತ್ತದೆ. ಮಂಗಳೂರು, ಮಲ್ಪೆಯಿಂದ ಹೊರಡುವ ಮೀನಿನ ಲಾರಿಗಳಲ್ಲಿ ಉಪ್ಪುನೀರು ಸೋರಿ ಚಾಸಿಯ ಬೋಲ್ಟುಗಳು ಹೇಗೆ ತುಕ್ಕು ಹಿಡಿಯುತ್ತವೆ ಎಂಬುದನ್ನು ಕಂಡವರಿಗೆ 0.02 ಓಮ್ ಎಷ್ಟು ಸಲೀಸಾಗಿ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ ತಿರುಗುವಿಕೆಯನ್ನು ಎಣಿಸುವ ಕ್ರ್ಯಾಂಕ್ ಸೆನ್ಸರಿನ ಕಥೆ ಇನ್ನೂ ಸೂಕ್ಷ್ಮ. ಹಲವು ಎಂಜಿನ್‌ಗಳಲ್ಲಿ ಅದರ ಚಕ್ರಕ್ಕೆ 60 ಹಲ್ಲಿನ ಜಾಗವಿದ್ದು 2 ಹಲ್ಲು ಬಿಟ್ಟಿರುತ್ತಾರೆ. ಆ ಖಾಲಿ ಜಾಗವೇ ಎಂಜಿನ್ ಸುತ್ತಿನ ಯಾವ ಹಂತದಲ್ಲಿದೆ ಎಂಬ ಗುರುತು. ಒಂದು ಹಲ್ಲು ಎಂದರೆ 6 ಡಿಗ್ರಿ. ನಿಮಿಷಕ್ಕೆ 2000 ಸುತ್ತಿನಲ್ಲಿ ಹಲ್ಲಿನಿಂದ ಹಲ್ಲಿಗೆ ಅರ್ಧ ಮಿಲಿಸೆಕೆಂಡು. ಮೊದಲಿಗೆ ಸಿಂಪಡಿಸುವ ಚಿಕ್ಕ ಪೈಲಟ್ ಇಂಜೆಕ್ಷನ್ನಿಗೆ ಕವಾಟ ತೆರೆದಿರುವುದು ಅದರ ಅರ್ಧದಷ್ಟೇ ಹೊತ್ತು. ಆಗ ಬೀಳುವ ಡೀಸೆಲ್ ಒಂದೆರಡು ಮಿಲಿಗ್ರಾಂ. ಗದ್ದಲದ ಒಂದು ಮುಳ್ಳು ಹಲ್ಲಿನಂತೆ ಕಂಡುಬಿಟ್ಟರೆ 58ರ ಬದಲು 59 ಎಣಿಕೆಯಾಗುತ್ತದೆ. ಲೆಕ್ಕ ತಪ್ಪಿತೆಂದು ಇಸಿಯು ಅನುಮಾನಿಸಿ ಮತ್ತೆ ಹೊಂದಾಣಿಕೆ ಹುಡುಕುತ್ತದೆ, ಅಷ್ಟು ಹೊತ್ತು ಇಂಜೆಕ್ಷನ್ ನಿಲ್ಲಿಸಲೂಬಹುದು. ಡ್ರೈವರ್ ಇದನ್ನು 'ಮಿಸ್ಸಿಂಗ್ ಹೊಡೀತಿದೆ' ಎನ್ನುತ್ತಾನೆ. ಕಾಂತದ ಸುರುಳಿ ಇರುವ ಸೆನ್ಸರ್ ಆದರೆ ಸ್ಟಾರ್ಟ್ ಮಾಡುವಾಗ, ಎಂಜಿನ್ ನಿಧಾನ ತಿರುಗುವ ಕಾರಣ, ಅದರ ಸಂಕೇತ ಅತಿ ದುರ್ಬಲವಾಗಿರುತ್ತದೆ. ಅದೇ ಗಳಿಗೆಯಲ್ಲಿ ಸ್ಟಾರ್ಟರ್ ಮೋಟರಿನ ಗದ್ದಲ ಅತಿ ಜೋರಾಗಿರುತ್ತದೆ. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೂ ಎದ್ದೇಳದ ಗಾಡಿಯಲ್ಲಿ ಇದನ್ನೂ ನೋಡಬೇಕು.

ಇವೆಲ್ಲ ಬರೀ ಲೆಕ್ಕವಲ್ಲ, ನಡೆದದ್ದೂ ಇದೆ. ವಿದ್ಯುತ್ಕಾಂತೀಯ ಅಡಚಣೆಯಿಂದಾದ ಎಲೆಕ್ಟ್ರಾನಿಕ್ ವೈಫಲ್ಯಗಳನ್ನು ಒಟ್ಟುಗೂಡಿಸಿ ಅಮೆರಿಕದ ನಾಸಾ 1995ರಲ್ಲಿ ಒಂದು ವರದಿ ಪ್ರಕಟಿಸಿತು. ಜರ್ಮನಿಯ ಹೆದ್ದಾರಿಯೊಂದರಲ್ಲಿ ರೇಡಿಯೊ ಪ್ರಸಾರ ಕೇಂದ್ರದ ಸಮೀಪ ಆರಂಭಕಾಲದ ಎಬಿಎಸ್ ಬ್ರೇಕುಗಳು ಎಡವಿದ್ದು, ತಾತ್ಕಾಲಿಕವಾಗಿ ರಸ್ತೆಬದಿಗೆ ಲೋಹದ ಜಾಲರಿ ನಿಲ್ಲಿಸಿದ್ದು ಅದರಲ್ಲಿ ದಾಖಲಾಗಿದೆ. ಅಂಥ ಪಾಠಗಳಿಂದಲೇ ಇಂದಿನ ಪರೀಕ್ಷೆಗಳು ಬಿಗಿಯಾದವು. ಭಾರತದಲ್ಲೂ ವಾಹನಗಳ ವಿದ್ಯುತ್ಕಾಂತೀಯ ಹೊಂದಾಣಿಕೆಗೆ ಎಐಎಸ್-004 ಎಂಬ ಮಾನದಂಡವಿದೆ. ಪರೀಕ್ಷೆ ಫಲ ಕೊಟ್ಟಿದೆ ಎಂಬುದಕ್ಕೂ ಸಾಕ್ಷ್ಯ ಉಂಟು: ಟೊಯೋಟಾ ಕಾರುಗಳು ತಾವಾಗಿ ವೇಗ ಪಡೆಯುತ್ತವೆ ಎಂಬ ದೂರು ಬಂದಾಗ ನಾಸಾ ಎಂಜಿನಿಯರುಗಳು ಅವನ್ನು ತೀವ್ರ ವಿದ್ಯುತ್ಕಾಂತೀಯ ವಿಕಿರಣಕ್ಕೊಡ್ಡಿ ನೋಡಿದರು, ಅದೇ ಕಾರಣ ಎಂಬ ಪುರಾವೆ ಸಿಗಲಿಲ್ಲ ಎಂದು 2011ರಲ್ಲಿ ವರದಿ ಬಂತು. ನಾನು ಈ ಎರಡನ್ನೂ ಒಟ್ಟಿಗೆ ಓದುತ್ತೇನೆ. ಎಚ್ಚರದಿಂದ ಕಟ್ಟಿದ ಹಾರ್ನೆಸ್ ಗದ್ದಲವನ್ನು ತಡೆಯಬಲ್ಲದು. ಆದರೆ ಅಂಥ ಪರೀಕ್ಷೆಯ ಪ್ರಮಾಣಪತ್ರ ಹೊಸ ಮಾದರಿಯ ಹಾರ್ನೆಸ್ಸಿಗೆ ಕೊಟ್ಟದ್ದು. ಕತ್ತರಿಸಿ ಕಟ್ಟಿದ ಮೇಲೆ ಯಾರೂ ಅದನ್ನು ಮತ್ತೆ ಪರೀಕ್ಷಿಸುವುದಿಲ್ಲ, ಫಿಟ್ನೆಸ್ ಸರ್ಟಿಫಿಕೇಟ್ ಕೊಡುವಾಗಲೂ ಇಲ್ಲ.

ಗದ್ದಲದ ಮೂಲಗಳನ್ನು ನಾವೇ ಸೇರಿಸುತ್ತಲೂ ಇದ್ದೇವೆ. ಅಗ್ಗದ ಎಲ್‌ಇಡಿ ಬಾರ್‌ಗಳೊಳಗಿನ ಸರ್ಕ್ಯೂಟು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಹಚ್ಚುತ್ತದೆ. ಲೈಟು ಹಾಕಿದ ಕೂಡಲೇ ಎಫ್‌ಎಂ ರೇಡಿಯೊ ಗೊರಗೊರ ಎಂದರೆ ಅದು ಎಂಜಿನ್ ವೈರಿಂಗಿಗೂ ಒಳ್ಳೆಯ ಸುದ್ದಿಯಲ್ಲ. ಡಯೋಡ್ ಇಲ್ಲದ ಹಾರ್ನ್ ರಿಲೇ ಆಫ್ ಆದಾಗ ಅದರ ಸುರುಳಿಯಿಂದ ನೂರಾರು ವೋಲ್ಟಿನ ಹೊಡೆತ ಬರುತ್ತದೆ. ಇನ್ನೊಂದು ಹಳೆಯ ರೂಢಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವಂಥದ್ದು: ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕೀಳುವುದು. ಹಾಗೆ ಕಿತ್ತಾಗ ಏಳುವ ಅಲೆ, ತಡೆಯುವ ಸಾಧನವಿಲ್ಲದಿದ್ದರೆ, 12 ವೋಲ್ಟಿನ ಗಾಡಿಯಲ್ಲಿ 100, 24 ವೋಲ್ಟಿನ ಗಾಡಿಯಲ್ಲಿ 200 ವೋಲ್ಟ್ ತಲುಪಬಹುದೆಂದು ಅಂತರರಾಷ್ಟ್ರೀಯ ಮಾನದಂಡಗಳೇ ಲೆಕ್ಕ ಹಿಡಿದಿವೆ. ಮೈಕೊ ಪಂಪಿನ ಕಾಲದಲ್ಲಿ ಹೆಚ್ಚೆಂದರೆ ಒಂದು ಬಲ್ಬು ಹೋಗುತ್ತಿತ್ತು. ಬಾಡಿ ಕಟ್ಟುವ ಷೆಡ್ಡಿನಲ್ಲಿ ಇಸಿಯು ಕನೆಕ್ಟರ್ ಬಿಚ್ಚದೆ ಚಾಸಿಗೆ ವೆಲ್ಡಿಂಗ್ ಹೊಡೆಯುವುದೂ ಇದೇ ಸಾಲಿಗೆ ಸೇರುತ್ತದೆ.

ಈ ರೋಗ ಸ್ಕ್ಯಾನರಿಗೆ ಸುಲಭವಾಗಿ ಸಿಕ್ಕುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ತಂತಿ ಪೂರ್ತಿ ತುಂಡಾದರೆ, ಶಾರ್ಟ್ ಆದರೆ ಇಸಿಯು ಸ್ಪಷ್ಟವಾಗಿ ಹೇಳುತ್ತದೆ. ಗದ್ದಲ ಬೆರೆತ ಸಂಕೇತ ಬಹಳ ಸಲ ಮಿತಿಯ ಒಳಗೇ ಇರುತ್ತದೆ. ಆಗ ಕೋಡೇ ಬರುವುದಿಲ್ಲ, ಅಥವಾ ಪಿ0336, ಪಿ0191 ಮುಂತಾದ ಕೋಡ್ ಬಂದು ಸೆನ್ಸರಿನ ಕಡೆ ಬೆರಳು ತೋರಿಸುತ್ತದೆ. ಸೆನ್ಸರ್ ಬದಲಾಗುತ್ತದೆ, ತೊಂದರೆ ಹಾಗೇ ಇರುತ್ತದೆ. ಆಮೇಲೆ ಹೈ ಪ್ರೆಶರ್ ಪಂಪು, ಆಮೇಲೆ ಒಂದೊಂದೇ ಇಂಜೆಕ್ಟರು. ಸ್ವಂತ ಲಾರಿಯ ಸಾಲದ ಕಂತು ಕಟ್ಟುತ್ತಿರುವವನು ಚೆನ್ನಾಗಿದ್ದ ಬಿಡಿಭಾಗಗಳನ್ನು ಬದಲಿಸಿ ತಿಂಗಳುಗಟ್ಟಲೆ ಸಂಪಾದನೆ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಹೊತ್ತು ತಪ್ಪಿದ, ಅಳತೆ ತಪ್ಪಿದ ಇಂಜೆಕ್ಷನ್ ಮಸಿ ಹೆಚ್ಚಿಸುತ್ತದೆ. ಮಸಿ ಡಿಪಿಎಫ್ ಎಂಬ ಸೋಸುಕದಲ್ಲಿ ಕೂರುತ್ತದೆ. ಅದನ್ನು ಸುಡಲು ಇಸಿಯು ಪದೇಪದೇ ತಡವಾಗಿ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಹಲವು ಎಂಜಿನ್‌ಗಳಲ್ಲಿ ಅದರಲ್ಲಿ ಒಂದಷ್ಟು ಸಿಲಿಂಡರ್ ಗೋಡೆಯಿಂದಿಳಿದು ಆಯಿಲ್‌ಗೆ ಬೆರೆಯುತ್ತದೆ, ಆಯಿಲ್ ತೆಳುವಾಗುತ್ತದೆ, ಬೇರಿಂಗ್ ಸವೆಯುತ್ತದೆ. ಬೇಸತ್ತ ಮಾಲೀಕ ಕೊನೆಗೆ ಡಿಪಿಎಫ್ ಕೊರೆಸಿ, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಯೂರಿಯಾ ವ್ಯವಸ್ಥೆಗೆ, ಎಲ್ಲ ಸರಿಯಿದೆ ಎಂದು ಇಸಿಯುವನ್ನು ನಂಬಿಸುವ ಎಮ್ಯುಲೇಟರ್ ಹಾಕಿಸುತ್ತಾನೆ. ಆ ಎಮ್ಯುಲೇಟರಿಗಾಗಿ ಮತ್ತೊಂದು ಹೊಸೆದ ಜೋಡಿಯನ್ನು ಕತ್ತರಿಸುತ್ತಾರೆ. ಬಿಎಸ್-4ರಿಂದ ಬಿಎಸ್-6ಕ್ಕೆ ಬಂದಾಗ ಡೀಸೆಲ್ ಕಾರಿನ ಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡ್ ಮಿತಿ 250ರಿಂದ 80ಕ್ಕೆ ಇಳಿದಿತ್ತು. ಅಷ್ಟು ಹಣ, ಶ್ರಮ ಹಾಕಿ ಗಳಿಸಿದ್ದು ಹೀಗೆ ಸೋರಿಹೋಗುತ್ತದೆ. ಹೊಗೆ ತಪಾಸಣೆಯಲ್ಲಿ ಇದು ಸಿಕ್ಕಿಬೀಳುತ್ತದೆ ಎಂದುಕೊಳ್ಳಬೇಡಿ. ನಮ್ಮ ಪಿಯುಸಿ ಪರೀಕ್ಷೆ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನು ಅಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 2012ರಲ್ಲೇ ವರ್ಗೀಕರಿಸಿದೆ.

ಘಟ್ಟದ ಮಾತು ಬೇರೆಯೇ ಇದೆ. ಶಿರಾಡಿಯಲ್ಲಿ ಪೂರ್ತಿ ಲೋಡು ಹೊತ್ತು ಹತ್ತುತ್ತಿರುವ ಲಾರಿಯ ಇಸಿಯು ಅನುಮಾನಗೊಂಡು ಎಂಜಿನ್ ಶಕ್ತಿ ತಗ್ಗಿಸಿದರೆ ಗಾಡಿ ಏರಿನಲ್ಲೇ ಬಳಲುತ್ತದೆ; ಎಂಜಿನ್ ನಿಂತೇಹೋದರೆ ಪವರ್ ಸ್ಟಿಯರಿಂಗ್ ಹೋಗುತ್ತದೆ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಮಳೆ, ಮಂಜು, ತಿರುವು, ಹಿಂದೆ ಸಾಲುಗಟ್ಟಿದ ಬಸ್ಸು. ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ತಡೆಯುವ ಉಪಾಯಗಳು ಕಷ್ಟದವಲ್ಲ, ಹೆಚ್ಚು ಖರ್ಚಿನವೂ ಅಲ್ಲ. ಹೊಸೆದ ಜೋಡಿ ತುಂಡಾದರೆ ಜೋಡಿಯಾಗಿಯೇ ಬದಲಿಸಿ, ಅಷ್ಟೇ ಹೊಸೆತ ಕೊಡಬೇಕು. ಜಂಟಿಯ ಬಳಿ ಬಿಚ್ಚಿಕೊಂಡ ಭಾಗ ಎರಡು ಮೂರು ಸೆಂಟಿಮೀಟರ್ ಮೀರಬಾರದು. ಎರಡು ಜಂಟಿ ಪಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿ, ಸರಿಯಾದ ಕ್ರಿಂಪ್ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ತೋಳು ತೊಡಿಸಬೇಕು. ಎಂಜಿನ್ನಿನ ಬಿಸಿಗೆ ಸಾದಾ ಟೇಪಿನ ಅಂಟು ಕರಗಿ ಜಾರುತ್ತದೆ. ಕವಚದ ತಂತಿಯನ್ನು ಕಂಪನಿ ಎಲ್ಲಿ ಕಟ್ಟಿತ್ತೋ ಅಲ್ಲಿಗೇ ಕಟ್ಟಬೇಕು. 'ಇರಲಿ' ಎಂದು ಇನ್ನೊಂದು ತುದಿಯನ್ನೂ ಬಾಡಿಗೆ ಸೇರಿಸಿದರೆ ಅರ್ಥಿನ ಕರೆಂಟು ಕವಚದಲ್ಲೇ ಹರಿಯಲು ಶುರುವಾಗುತ್ತದೆ. ಇಂಜೆಕ್ಟರ್ ತಂತಿ ಮತ್ತು ಸೆನ್ಸರ್ ತಂತಿ ದೂರ ಇರಲಿ, ದಾಟಲೇಬೇಕಾದರೆ ಅಡ್ಡಕ್ಕೆ ದಾಟಲಿ. ಹೊರಗಿನ ಲೈಟು, ಇನ್ವರ್ಟರಿಗೆ ಬ್ಯಾಟರಿಯಿಂದಲೇ ಫ್ಯೂಸ್ ಸಮೇತ ಬೇರೆ ಜೋಡಿ ಎಳೆಯಬೇಕು. ಸೆನ್ಸರಿನ 5 ವೋಲ್ಟ್, ಸೆನ್ಸರಿನ ಅರ್ಥ್ ಎರಡನ್ನೂ ಬೇರೆ ಯಾವುದಕ್ಕೂ ಮುಟ್ಟಬಾರದು.

ಅಳತೆಯ ವಿಚಾರದಲ್ಲಿ ಒಂದು ಮಾತು. ಸೊಲೆನಾಯ್ಡ್ ಇಂಜೆಕ್ಟರಿನ ತಡೆ ಅರ್ಧ ಓಮ್‌ಗಿಂತಲೂ ಕಡಿಮೆ ಇರುವುದುಂಟು. ಕನೆಕ್ಟರಿನಲ್ಲಿ 0.1 ಓಮ್ ಕಿಲುಬು ಸೇರಿದರೆ 20 ಆಂಪಿಯರಿನಲ್ಲಿ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಆದರೂ ಮೀಟರಿನ ಬೀಪ್ ಬರುತ್ತದೆ. ಹಾಗಾಗಿ ಬೀಪ್ ನಂಬದೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ವೋಲ್ಟೇಜ್ ನೋಡಬೇಕು; 0.2 ದಾಟಿದರೆ ಅರ್ಥ್ ಪಟ್ಟಿ ಬಿಚ್ಚಿ ಉಜ್ಜಬೇಕು. ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರ್ ಡಯೋಡನ್ನು ಶಂಕಿಸಬೇಕು. ಬ್ಯಾಟರಿ ಬಿಚ್ಚಿಟ್ಟು, ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಜೋಡಿಯ ನಡುವೆ ಅಳೆದಾಗ ಸುಮಾರು 60 ಓಮ್ ಬರಬೇಕು. ಸೆನ್ಸರ್ ಸಂಕೇತವನ್ನು ಕಣ್ಣಾರೆ ನೋಡಲು ಆಸಿಲೋಸ್ಕೋಪ್ ಬೇಕು. ಹಲ್ಲುಗಳ ಅಲೆಯ ಮೇಲೆ ಇಂಜೆಕ್ಷನ್ನಿನ ಲೆಕ್ಕಕ್ಕೆ ಸರಿಯಾಗಿ ಏಳುವ ಚೂಪು ಮುಳ್ಳುಗಳನ್ನು ಒಮ್ಮೆ ಪರದೆಯಲ್ಲಿ ಕಂಡ ಮೆಕ್ಯಾನಿಕ್ ಮತ್ತೆಂದೂ ಹೊಸೆತ ಬಿಚ್ಚಿ ಟೇಪು ಸುತ್ತುವುದಿಲ್ಲ. ಗ್ಯಾರೇಜಿನ ಕೆಲಸಕ್ಕೆ ಸಾಕಾಗುವ ಎರಡು ಚಾನೆಲ್ಲಿನ ಸ್ಕೋಪು ಇಂದು ಒಂದೆರಡು ಇಂಜೆಕ್ಟರಿನ ಬೆಲೆಗೆ ಸಿಗುತ್ತದೆ.

ಬೆಂಗಳೂರಿನಲ್ಲಿ ಕೂತು ಇಸಿಯುಗಳ ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳು ಸಾವಿರಾರು ಮಂದಿ ಇದ್ದಾರೆ. ಅದೇ ಇಸಿಯುವನ್ನು ಹೊತ್ತ ಲಾರಿ ಶಿರಾ ಬಳಿ ನಿಂತಾಗ ಬಾನೆಟ್ ಎತ್ತುವ ಹುಡುಗನಿಗೆ ಒಂದು ವೈರಿಂಗ್ ನಕ್ಷೆ ಸಿಗುವುದಿಲ್ಲ. ಕಂಪನಿಗಳು ಹಾರ್ನೆಸ್ ನಕ್ಷೆಯನ್ನೂ ರಿಪೇರಿ ಸೂಚನೆಯನ್ನೂ ಕನ್ನಡದಲ್ಲಿ, ಹೊರಗಿನ ಗ್ಯಾರೇಜುಗಳಿಗೂ ತೆರೆದಿಡಬೇಕು. ಐಟಿಐಗಳ ಮೆಕ್ಯಾನಿಕ್ ಡೀಸೆಲ್ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಹೊಸೆದ ಜೋಡಿಯನ್ನು ತಾನೇ ಕತ್ತರಿಸಿ, ಜೋಡಿಸಿ, ಸ್ಕೋಪಿನಲ್ಲಿ ಪರೀಕ್ಷಿಸಿ ತೋರಿಸುವಂತಾಗಬೇಕು. ಸಾರಿಗೆ ಇಲಾಖೆ ಫಿಟ್ನೆಸ್ ತಪಾಸಣೆಯಲ್ಲಿ ಎಂಜಿನ್ ಹಾರ್ನೆಸ್ಸನ್ನೂ ಅರ್ಥ್ ಪಟ್ಟಿಗಳನ್ನೂ ನೋಡುವ ಕ್ರಮ ತರಬೇಕು. ಗಾಡಿ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ: ಚೆಕ್ ಲೈಟ್ ಬಂದಾಗ 'ಸೆನ್ಸರ್ ಹೋಗಿದೆ' ಎಂದ ಕೂಡಲೇ ಹಣ ಬಿಚ್ಚಬೇಡಿ, ಮೊದಲು ವೈರಿಂಗ್ ತೋರಿಸಿ ಎಂದು ಕೇಳಿ.